ಎರಡು ನಿಮಿಷದ ಅರ್ಜಿ

ನಲವತ್ತೊಂದನೇ ಸಲವೂ ಅರ್ಜಿ ಅಳಿಸಿಹೋಯಿತು.

ಕಡ್ಡಿ ಎನ್ನುವವನು ಬಾಯಲ್ಲಿ ಕಚ್ಚಿದ್ದ ಕೋಲನ್ನು ಮೇಜಿನ ಮೇಲೆ ಉಗುಳಿದ. ಅಲ್ಯೂಮಿನಿಯಂ ಕೋಲು. ಒಂದು ತುದಿಗೆ ರಬ್ಬರ್, ಕಚ್ಚುವ ತುದಿಗೆ ಅವನ ಹೆಂಡತಿ ಸುತ್ತಿಕೊಟ್ಟ ಬಟ್ಟೆ. ಪಕ್ಕದ ಕುರ್ಚಿಯಲ್ಲಿದ್ದ ಅಕ್ಕ ತಡಕಾಡಿ ಆ ಬಟ್ಟೆಯನ್ನು ಮುಟ್ಟಿದಳು. ಬೆರಳಿಗೆ ಅಂಟಿತು. ಬರೀ ಎಂಜಲಾದರೆ ಇಷ್ಟು ಅಂಟುವುದಿಲ್ಲ. ಮೂಗಿನ ಹತ್ತಿರ ತಂದಳು. ರಕ್ತ.

“ಒಸಡು ಒಡೀತಾ?” ಎಂದಳು.

“ಅದು ಬೆಳಿಗ್ಗೆನೇ ಒಡೀತು. ಈಗ ದವಡೆ ಸರದಿ,” ಎಂದ ಕಡ್ಡಿ.

ತಗಡಿನ ಮುಚ್ಚಳ ಒತ್ತುವ ಯಂತ್ರ ಅವನ ಎರಡೂ ಕೈಗಳನ್ನು ಮೊಣಕೈವರೆಗೆ ತಿಂದು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಈ ಕೋಲೇ ಕೈ. ಕೀಲಿಮಣೆಯ ಒಂದೊಂದು ಅಕ್ಷರಕ್ಕೂ ಕತ್ತು ಬಗ್ಗಿಸಿ ಕುಕ್ಕಬೇಕು. ಹಾಗಾಗಿ ಕಚೇರಿಯಲ್ಲಿ ಅವನಿಗೆ ಕಡ್ಡಿ ಎಂದೇ ಹೆಸರು ಬಿದ್ದಿತ್ತು. ಅವಳನ್ನು ಮ್ಯಾನೇಜರ್‌ನಿಂದ ಹಿಡಿದು ನೆಲ ಒರೆಸುವವನವರೆಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಒಡಹುಟ್ಟಿದವಳಂತೆ ಕಂಡವನು ಮಾತ್ರ ಕಡ್ಡಿ ಒಬ್ಬನೇ.

ಅಕ್ಕನ ಕಣ್ಣು ಹೋದದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಬಣ್ಣದ ಕಾರ್ಖಾನೆಯ ಡ್ರಮ್ ತೊಳೆಯುವಾಗ. ತಳದಲ್ಲಿ ಕ್ಷಾರ ಉಳಿದಿದೆ ಎಂದು ಯಾರೂ ಹೇಳಿರಲಿಲ್ಲ. ನೀರು ಸುರಿದಳು, ಅದು ಮುಖಕ್ಕೆ ಸಿಡಿಯಿತು. ಆಮೇಲೂ ಏಳು ವರ್ಷ ಅದೇ ಡ್ರಮ್‌ಗಳನ್ನು ತಡಕಾಡಿ ತೊಳೆದಳು, ಬೇರೆ ಗತಿ ಇರಲಿಲ್ಲ. ಕಂಪ್ಯೂಟರ್ ಕಲಿತದ್ದು ಅದಾದ ಮೇಲೆ. ಮನೆಯಲ್ಲಿ ಇಂದಿಗೂ ಅವಳ ಅಮ್ಮನಿಗೆ ಮಗಳು ಮಾಡುವ ಕೆಲಸ ಏನೆಂದು ಅರ್ಥವಾಗಿಲ್ಲ. “ಕಣ್ಣಿಲ್ಲದವಳು ಟಿವಿ ನೋಡೋಕೆ ಹೋಗ್ತಾಳೆ” ಎಂದು ಪಕ್ಕದ ಮನೆಯವರಿಗೆ ಹೇಳಿ ನಗುತ್ತಾಳೆ.

ಕೆಲಸ ಏನೆಂದರೆ, ಕಂಪನಿ ಕಟ್ಟುವ ಥೀಮ್‌ಗಳನ್ನು ಪರೀಕ್ಷಿಸುವುದು. ಥೀಮ್ ಎಂದರೆ ಜಾಲತಾಣಕ್ಕೆ ತೊಡಿಸುವ ಅಂಗಿ. ಒಮ್ಮೆ ಹೊಲಿದರೆ ನೂರು ತಾಣಕ್ಕೆ ತೊಡಿಸಬಹುದು. ಹೊಲಿಗೆ ಒಂದು ಕಡೆ ತಪ್ಪಿದರೆ ನೂರು ಕಡೆಯೂ ತಪ್ಪುತ್ತದೆ. ಕಣ್ಣಿಲ್ಲದವರು, ಕೈಯಿಲ್ಲದವರು, ಕಿವಿ ಕೇಳದವರು ಎಲ್ಲರೂ ಅದನ್ನು ಬಳಸಲು ಆಗಬೇಕು ಎಂದು ನಿಯಮವಿದೆ. ನಿಯಮ ಪಾಲಿಸಿದ್ದಾರೆ ಎನ್ನುವ ಪ್ರಮಾಣಪತ್ರಕ್ಕೆ ಅಂಥವರೇ ಇಬ್ಬರು ಸಹಿ ಹಾಕಬೇಕು. ಆ ಎರಡು ಸಹಿಗಾಗಿ ಕಂಪನಿ ಇವರಿಬ್ಬರನ್ನು ಸಾಕಿಕೊಂಡಿತ್ತು.

ಸಾಕಿಕೊಂಡಿತ್ತು ಎಂದರೆ ಸಾಕಿಕೊಂಡೇ ಇತ್ತು. ನಾಲ್ಕನೇ ಮಹಡಿಯಲ್ಲಿ ಮೆತ್ತನೆಯ ನೆಲಹಾಸು, ತಣ್ಣನೆಯ ಗಾಳಿ, ಗಾಜಿನ ಗೋಡೆ ಎಲ್ಲ ಇದ್ದವು. ಇವರನ್ನು ಮಾತ್ರ ಶೌಚಾಲಯದ ಪಕ್ಕದ ಸಾಮಾನು ಕೋಣೆಯಲ್ಲಿ ಕೂರಿಸಿದ್ದರು. ಕೆಟ್ಟ ಪರದೆಗಳು, ಮುರಿದ ಕುರ್ಚಿಗಳು, ನಡುವೆ ಇವರು. ದೊಡ್ಡ ಗಿರಾಕಿ ಬಂದ ದಿನ ಹೊರಗೆ ಕರೆದು ಫೋಟೊ ತೆಗೆಯುತ್ತಿದ್ದರು. ಫೋಟೊಗೆ ನಿಂತವರು ಕಡ್ಡಿಯ ಖಾಲಿ ತೋಳನ್ನು ಮೆಲ್ಲಗೆ ತಟ್ಟುತ್ತಿದ್ದರು. ಅಕ್ಕನ ತಲೆ ಸವರುತ್ತಿದ್ದರು. ಅವಳಿಗೆ ಆಗ ನಲವತ್ತಾರು ವರ್ಷ.

ಕಡ್ಡಿಗೆ ಒಂದಕ್ಕೆ ಹೋಗಬೇಕಾದರೆ ಪ್ಯಾಂಟು ಬಿಚ್ಚಲು ಒಬ್ಬರು ಬೇಕು. ಕಚೇರಿಯ ಗಂಡಸರೆಲ್ಲ ಮೂಗು ಮುರಿದರು. ಅಕ್ಕನೇ ಹೋಗುತ್ತಿದ್ದಳು. ಅವಳಿಗೆ ಕಾಣಿಸುವುದಿಲ್ಲ, ಅವನಿಗೆ ನಾಚಿಕೆ ಉಳಿದಿಲ್ಲ ಎಂದು ಇಬ್ಬರೂ ಸೇರಿ ನಕ್ಕಿದ್ದರು.

ಈ ಸಲದ ಗಿರಾಕಿ ಗಾಯಾಳು ಕಾರ್ಮಿಕರ ಮಂಡಳಿ. ಅದರ ಎಲ್ಲ ಶಾಖೆಗಳ ತಾಣಗಳಿಗೂ ಇದೇ ಥೀಮ್. ಕೆಲಸದಲ್ಲಿ ಕೈಯೋ ಕಾಲೋ ಕಣ್ಣೋ ಕಳೆದುಕೊಂಡವರಿಗೆ ಮಂಡಳಿ ಒಂದು ಕಾರ್ಡ್ ಕೊಡುತ್ತದೆ. ಅದಿದ್ದರೆ ಚಿಕಿತ್ಸೆ, ಔಷಧಿ. ಕಾರ್ಡ್ ಉಳಿಯಬೇಕಾದರೆ ಗಾಯ ಹಾಗೇ ಇದೆ ಎಂದು ವರ್ಷಕ್ಕೊಮ್ಮೆ ಅರ್ಜಿ ಹಾಕಬೇಕು. ಅಂದರೆ ಕಡ್ಡಿ ತನ್ನ ಕೈಗಳು ಮತ್ತೆ ಬೆಳೆದಿಲ್ಲ ಎಂದು ವರ್ಷ ವರ್ಷವೂ ತಿಳಿಸಬೇಕು. ಇಷ್ಟು ದಿನ ಕಾಗದದ ಮೇಲೆ ಹೆಂಡತಿ ಬರೆದುಕೊಡುತ್ತಿದ್ದಳು. ಮುಂದಿನ ತಿಂಗಳಿಂದ ಕಾಗದ ಬಂದ್. ಎಲ್ಲವೂ ತಾಣದಲ್ಲೇ, ಸ್ವತಃ ಅರ್ಜಿದಾರನೇ ತುಂಬಬೇಕು, ಕ್ಯಾಮೆರಾ ಅವನ ಮುಖ ನೋಡುತ್ತಿರುತ್ತದೆ.

ಆ ಅರ್ಜಿಗೆ ಹತ್ತೊಂಬತ್ತು ಖಾನೆ. ತುಂಬಲು ಎರಡು ನಿಮಿಷ. ಎರಡು ನಿಮಿಷವಾದರೆ ಬರೆದದ್ದೆಲ್ಲ ಅಳಿಸಿ ಮೊದಲ ಖಾನೆಗೆ ಬಂದು ನಿಲ್ಲುತ್ತದೆ. ಕಡ್ಡಿ ಎಷ್ಟು ಜೋರಾಗಿ ಕುಕ್ಕಿದರೂ ಹನ್ನೆರಡನೇ ಖಾನೆ ದಾಟಲು ಆಗುತ್ತಿರಲಿಲ್ಲ. ಮೂರು ದಿನದಿಂದ ಕುಕ್ಕುತ್ತಿದ್ದ. ಮ್ಯಾನೇಜರ್‌ಗೆ ಅದರ ವಿಡಿಯೊ ಬೇಕಿತ್ತು. ಕೈಯಿಲ್ಲದವನು ನಗುನಗುತ್ತಾ ಅರ್ಜಿ ತುಂಬಿ ಮುಗಿಸಿದ ವಿಡಿಯೊ. ಕೋಣೆಯ ಮೂಲೆಯಲ್ಲಿ ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟಿದ್ದ. ಮಧ್ಯಾಹ್ನ ಮೂರಕ್ಕೆ ಮಂಡಳಿಯ ಅಧಿಕಾರಿ ಬರುವುದಿತ್ತು. ಎರಡು ಗಂಟೆ ಆಗಿತ್ತು.

ಸಮಯ ಮುಗಿಯುವ ಮೊದಲು ಎಚ್ಚರಿಕೆ ಕೊಡಬೇಕು, ಇನ್ನಷ್ಟು ಸಮಯ ಕೇಳಲು ಬಟನ್ ಇರಬೇಕು ಎಂದು ನಿಯಮ ಹೇಳುತ್ತದೆ. ಯಂತ್ರದ ತಪಾಸಣೆಯಲ್ಲಿ ಥೀಮ್‌ಗೆ ನೂರಕ್ಕೆ ನೂರು ಬಂದಿತ್ತು. ಬಟನ್ ಇದೆ ಎಂದು ಯಂತ್ರ ಹೇಳುತ್ತಿತ್ತು. ಎಲ್ಲಿದೆ? ಕಡ್ಡಿಗೆ ಕಣ್ಣಿದೆ, ಅವನಿಗೆ ಪರದೆಯ ಮೇಲೆ ಕಾಣಲಿಲ್ಲ.

ಅಕ್ಕ ತನ್ನ ಕಂಪ್ಯೂಟರ್‌ಗೆ ತಿರುಗಿದಳು. ಅವಳು ಪರದೆಯನ್ನು ಕಿವಿಯಲ್ಲಿ ಓದುತ್ತಾಳೆ. ಒಂದು ಕೀಲಿ ಒತ್ತಿದರೆ ಮುಂದಿನ ಖಾನೆಗೋ ಬಟನ್‌ಗೋ ಹಾರುತ್ತದೆ, ಅದರ ಹೆಸರನ್ನು ಯಂತ್ರದ ದನಿ ಹೇಳುತ್ತದೆ. ಬೇರೆಯವರಿಗೆ ಜೇನುನೊಣ ಗುಂಯ್‌ಗುಟ್ಟಿದಂತೆ ಕೇಳುವಷ್ಟು ವೇಗ. ಪ್ರತಿ ಒತ್ತಿಗೂ ಅವಳು ಕಾಲಿನ ಹೆಬ್ಬೆರಳನ್ನು ನೆಲಕ್ಕೆ ತಟ್ಟಿ ಲೆಕ್ಕ ಹಿಡಿಯುತ್ತಿದ್ದಳು. ಒಂಬತ್ತನೇ ತಟ್ಟಿಗೆ ‘ಗಾಯದ ದಿನಾಂಕ’. ಹತ್ತನೇ ತಟ್ಟಿಗೆ ಏನೂ ಇಲ್ಲ. ಹನ್ನೊಂದಕ್ಕೆ ‘ಗಾಯದ ಜಾಗ’. ಆ ಹತ್ತನೇ ಮೌನ ಮೂರು ದಿನದಿಂದ ಇತ್ತು. ಕೊಟ್ಟಿರುವುದು ಹಳೇ ಕಂಪ್ಯೂಟರ್, ಉಸಿರು ಕಟ್ಟುತ್ತಿದೆ ಎಂದುಕೊಂಡು ಬಿಟ್ಟಿದ್ದಳು. ಈಗ ತಲೆಗೆ ಏನೋ ಹೊಳೆಯಿತು. ಆ ಮೌನದ ಮೇಲೇ ನಿಂತು ಎಂಟರ್ ಒತ್ತಿದಳು.

ಆ ಸಲ ಎರಡು ನಿಮಿಷವಾಯಿತು. ಮೂರಾಯಿತು. ಅರ್ಜಿ ಅಳಿಸಲಿಲ್ಲ.

ಬಟನ್ ಅಲ್ಲೇ ಇತ್ತು. ಮೂಕವಾಗಿತ್ತು.

ಥೀಮ್ ಕಟ್ಟಿದವನನ್ನು ಕರೆಸಿದಳು. ಕೀಲಿ ಕುಟ್ಟುವ ಸದ್ದು ಕೇಳಿ ಅವಳೇ ಅವನಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದಳು. ಎರಡು ಮಕ್ಕಳ ತಂದೆ, ದನಿ ಮಾತ್ರ ಇನ್ನೂ ಪರೀಕ್ಷೆಗೆ ಹೆದರುವವನದು. ಕೇಳಿದ್ದಕ್ಕೆ ತಡವರಿಸುತ್ತ ಒಪ್ಪಿಕೊಂಡ. ಮೊದಲು ಬಟನ್ ಮಾತಾಡುತ್ತಿತ್ತಂತೆ. ಜಾಹೀರಾತಿನ ವಿಡಿಯೊದಲ್ಲಿ ಯಂತ್ರದ ದನಿ ‘ಸಮಯ ಮುಗಿಯುತ್ತಿದೆ, ಸಮಯ ಮುಗಿಯುತ್ತಿದೆ’ ಎಂದು ಹರಟುತ್ತದೆ, ಕಿವಿಗೆ ಹಿಂಸೆ ಎಂದು ಮ್ಯಾನೇಜರ್ ಬೈದಿದ್ದರಂತೆ. ಇವನು ಅದರ ಬಾಯಿ ಕಟ್ಟಿದ. ನೋಡಲೂ ಅಂದಗೆಡುತ್ತದೆ ಎಂದರಂತೆ. ಮೌಸ್ ಅದರ ಮೇಲೆ ಹೋದಾಗ ಮಾತ್ರ ಕಾಣುವಂತೆ ಮಾಡಿದ. ತಪಾಸಣೆಯ ಯಂತ್ರ ಬಟನ್ ಇದೆಯೋ ಇಲ್ಲವೋ ಅಷ್ಟೇ ಎಣಿಸಿತು, ನೂರು ಕೊಟ್ಟಿತು.

ಅಂದರೆ ಕಣ್ಣಿಲ್ಲದವಳಿಗೆ ಅದು ಕೇಳಿಸುವುದಿಲ್ಲ. ಕೈಯಿಲ್ಲದವನಿಗೆ ಅದು ಕಾಣಿಸುವುದಿಲ್ಲ. ಕಣ್ಣು, ಕೈ ಎರಡೂ ಇದ್ದವನಿಗೆ ಅದು ಬೇಕಾಗಿಯೇ ಇಲ್ಲ. ಅಕ್ಕನ ಮೈ ಉರಿಯಿತು.

ಸರಿ ಮಾಡಲು ಎಷ್ಟು ಹೊತ್ತು ಬೇಕು ಎಂದು ಕೇಳಿದಳು. ಎರಡು ಸಾಲು ತೆಗೆದರೆ ಆಯಿತು, ಹತ್ತು ನಿಮಿಷ ಎಂದ ಗುಬ್ಬಿ. ಅಷ್ಟರಲ್ಲಿ ಬಾಗಿಲಲ್ಲಿ ಮ್ಯಾನೇಜರ್‌ನ ಬೂಟಿನ ಸದ್ದಾಯಿತು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಖುಷಿಯಾಗಿದ್ದ. ಬಟನ್ ಸಿಕ್ಕಿತಲ್ಲ, ಹತ್ತನೇ ಕಡೆ ನಿಂತು ಒತ್ತಿ, ಅರ್ಜಿ ಮುಗಿಸಿ, ವಿಡಿಯೊ ಆಗಲಿ, ಸಹಿ ಹಾಕಿ ಎಂದ. ಥೀಮ್‌ಗೆ ಆಗಲೇ ಮೊಹರು ಬಿದ್ದಿದೆ, ಒಂದು ಅಕ್ಷರ ಮುಟ್ಟಿದರೂ ಇಡೀ ತಪಾಸಣೆ ಮತ್ತೆ ಮೊದಲಿಂದ, ಅಷ್ಟು ಪುರಸೊತ್ತು ಯಾರಿಗೂ ಇಲ್ಲ ಎಂದ.

“ಹೊರಗಿರೋರಿಗೆ ಯಾರು ಹೇಳ್ತಾರೆ?” ಎಂದಳು ಅಕ್ಕ. “ಅಲ್ಲೊಂದು ಮೂಕ ಬಟನ್ ಇದೆ ಅಂತ?”

“ಹೊರಗಿರೋರ ಉಸಾಬರಿ ನಿನಗ್ಯಾಕೆ? ನಿಮ್ಮಿಬ್ಬರಿಗೆ ಆಗುತ್ತೋ ಇಲ್ವೋ ಅಷ್ಟೇ ಪರೀಕ್ಷೆ.”

“ನಮಗೆ ಗೊತ್ತಾಗಿದೆ, ಅದಕ್ಕೆ ಆಗುತ್ತೆ. ಇದು ಪರೀಕ್ಷೆ ಅಲ್ಲ, ಮೋಸ.”

ಮ್ಯಾನೇಜರ್ ಅವಳನ್ನು ಬಿಟ್ಟು ಕಡ್ಡಿಯ ಕಡೆ ತಿರುಗಿದ. ಕ್ಯಾಮೆರಾ ಶುರು ಮಾಡಿದ. ಕಡ್ಡಿ ಒಂದಕ್ಕೆ ಹೋಗಬೇಕು ಎಂದ. ಬೆಳಿಗ್ಗೆಯಿಂದ ಅದು ಮೂರನೇ ಸಲ ಕೇಳುವುದು. ಮುಗಿಸಿ ಹೋಗು ಎಂದ ಮ್ಯಾನೇಜರ್. ಅಕ್ಕ ಎದ್ದು ಕಡ್ಡಿಯ ಭುಜ ಹಿಡಿದಳು. ಮ್ಯಾನೇಜರ್ ಅವಳನ್ನು ತಳ್ಳಿದ. ಅವಳ ಸೊಂಟ ಮುರಿದ ಕುರ್ಚಿಯ ಅಂಚಿಗೆ ಬಡಿಯಿತು.

ಆಗ ಅವಳಿಗೆ ಆ ಸದ್ದು ಕೇಳಿಸಿತು. ಕುರ್ಚಿಯ ಕೆಳಗೆ ನೀರು ತೊಟ್ಟಿಕ್ಕುವ ಸದ್ದು. ಬೆಚ್ಚಗಿನ ವಾಸನೆ. ಮೂವತ್ತೆಂಟು ವರ್ಷದ ಗಂಡಸು, ಒದ್ದೆ ಪ್ಯಾಂಟಿನಲ್ಲಿ ಕೂತಿದ್ದ. ಒರೆಸಿಕೊಳ್ಳಲು ಅವನಿಗೆ ಕೈಯಿರಲಿಲ್ಲ.

“ಸೊಂಟದಿಂದ ಮೇಲೆ ಮಾತ್ರ ತೆಗೀತೀನಿ, ಕಾಣಲ್ಲ,” ಎಂದ ಮ್ಯಾನೇಜರ್. “ಕೋಲು ಕಚ್ಚು.”

ಕಡ್ಡಿ ಕಚ್ಚಲಿಲ್ಲ. ಮೇಜಿನ ಮೇಲಿದ್ದ ಕೋಲನ್ನು ಗದ್ದದಿಂದ ತಳ್ಳಿದ. ಅದು ನೆಲಕ್ಕೆ ಬಿದ್ದು ಉರುಳಿತು.

“ನನ್ನ ಕಾರ್ಡ್ ಮುಂದಿನ ತಿಂಗಳು ಮುಗಿಯುತ್ತೆ,” ಎಂದ. “ನನ್ನಂಥೋರು ಎಷ್ಟು ಜನ ಇದಾರೋ ಗೊತ್ತಿಲ್ಲ. ಅವರ ಕುತ್ತಿಗೆ ಕುಯ್ಯೋಕೆ ನನ್ನ ಬಾಯಿ ಕೊಡಲ್ಲ.”

ಮ್ಯಾನೇಜರ್ ಬಗ್ಗಿ ಕೋಲು ಎತ್ತಿಕೊಂಡ. ಕಡ್ಡಿಯ ಕೂದಲು ಹಿಡಿದು ತಲೆ ಹಿಂದಕ್ಕೆ ಎಳೆದ. ಕೋಲನ್ನು ಬಾಯೊಳಗೆ ನೂಕಿದ. ಬಟ್ಟೆ ಸುತ್ತಿದ ತುದಿಯಲ್ಲ, ಬಿದ್ದಾಗ ರಬ್ಬರ್ ಕಿತ್ತುಹೋಗಿ ಬರೀ ಲೋಹ ಉಳಿದಿದ್ದ ತುದಿ. ಒಣ ಕಡ್ಡಿ ಮುರಿದಂತೆ ಒಂದು ಹಲ್ಲು ಮುರಿದ ಸದ್ದು ಅಕ್ಕನ ಕಿವಿಗೆ ಬಿತ್ತು. ಆಮೇಲೆ ಗೊರಗೊರ. ಕಡ್ಡಿ ತನ್ನ ರಕ್ತವನ್ನೇ ನುಂಗುತ್ತಿದ್ದ. ತಡೆಯಲು ಅವನಿಗೆ ಏನಿತ್ತು? ಮೊಂಡು ತೋಳುಗಳು ಗಾಳಿಯಲ್ಲಿ ಬಡಿಯುತ್ತಿದ್ದವು. ಗುಬ್ಬಿ ‘ಸಾರ್, ಸಾರ್’ ಎನ್ನುತ್ತ ಗೋಡೆಗೆ ಅಂಟಿ ನಿಂತಿದ್ದ.

ಅಕ್ಕ ಉಸಿರಾಟದ ಸದ್ದಿನ ಮೇಲೆ ಹೋದಳು. ಮ್ಯಾನೇಜರ್ ಏದುಸಿರು ಬಿಡುತ್ತಿದ್ದ, ಗುರಿ ತಪ್ಪುವ ಹಾಗಿರಲಿಲ್ಲ. ಕೀಲಿಮಣೆ ಎತ್ತಿ ಎರಡೂ ಕೈಯಲ್ಲಿ ಬೀಸಿದಳು. ಕಿವಿಯ ಮೇಲೆ ಬಿತ್ತು. ಕೀಲಿಗಳು ಚೆಲ್ಲಾಪಿಲ್ಲಿಯಾದವು. ಅವನು ತಿರುಗಿ ಅವಳ ಮುಖಕ್ಕೆ ಗುದ್ದಿದ. ಮೂಗಿನ ಮೂಳೆ ಒಳಗೆ ಕರಕ್ ಎಂದಿತು. ಎರಡನೇ ಗುದ್ದು ಬರುವ ಹೊತ್ತಿಗೆ ಅವನ ಮಣಿಕಟ್ಟು ಅವಳ ಕೈಗೆ ಸಿಕ್ಕಿತ್ತು. ಸಿಕ್ಕಿದ್ದನ್ನು ಬಿಡುವ ಕೈಯಲ್ಲ ಅದು. ಕಣ್ಣು ಹೋಗುವ ಮುಂಚಿನದೂ ಸೇರಿ ಹದಿಮೂರು ವರ್ಷ, ನೀರು ತುಂಬಿದ ಡ್ರಮ್ ವಾಲಿಸಿದ ಕೈ. ತಿರುಚಿದಳು. ಅವನು ಕಿರುಚಿದ. ತಲೆಯನ್ನು ಮೇಜಿಗೆ ಒತ್ತಿ ಹಿಡಿದು ಇನ್ನೊಂದು ಕೈಯನ್ನೂ ಬೆನ್ನ ಹಿಂದೆ ತಂದಳು. ಅವಳಿಗೂ ಕಡ್ಡಿಗೂ ಎಂದೂ ಉಪಯೋಗಕ್ಕೆ ಬಾರದ ಮೌಸ್ ಅಲ್ಲೇ ಬಿದ್ದಿತ್ತು. ಅದರ ವೈರಿನಿಂದ ಎರಡೂ ಕೈ ಬಿಗಿದು, ಅವನನ್ನು ಕುರ್ಚಿಗೆ ಕುಕ್ಕಿದಳು. ಕಡ್ಡಿ ಎದ್ದು ಬಿಟ್ಟಿದ್ದ ಒದ್ದೆ ಕುರ್ಚಿಗೇ.

ಕಡ್ಡಿ ಹೋಗಿ ಗದ್ದದಿಂದ ಬಾಗಿಲ ಚಿಲಕ ಸರಿಸಿದ. ಬೆನ್ನು ಕೊಟ್ಟು ನಿಂತ.

“ಗುಬ್ಬಿ, ಕೋಲು ಅವನ ಬಾಯಿಗಿಡು,” ಎಂದಳು ಅಕ್ಕ.

“ಅಕ್ಕ, ನನಗೆ ಮಕ್ಕಳಿದಾರೆ.”

“ಅದಕ್ಕೇ ಇಡು. ಅವರೂ ಒಂದಿನ ಕೆಲಸಕ್ಕೆ ಹೋಗ್ತಾರೆ.”

ಗುಬ್ಬಿಯ ಹೆಜ್ಜೆ ಕೇಳಿಸಿತು. ಕೋಣೆಯಲ್ಲಿ ಉಳಿದಿದ್ದ ಇನ್ನೊಂದು ಕೀಲಿಮಣೆಯನ್ನು ತಂದು ಜೋಡಿಸಿದ. ಕೋಲನ್ನು ತನ್ನ ಅಂಗಿಗೆ ಒರೆಸಿ, ಬಟ್ಟೆಯ ತುದಿಯನ್ನೇ ಒಳಗೆ ಮಾಡಿ ಮ್ಯಾನೇಜರ್‌ನ ಹಲ್ಲಿನ ನಡುವೆ ಇಟ್ಟ. ಅವನು ಉಗುಳಿದ. ಅಕ್ಕ ವೈರನ್ನು ಇನ್ನೊಂದು ಸುತ್ತು ಬಿಗಿದಳು. ಅವನು ಕಚ್ಚಿದ.

“ಅರ್ಜಿ ತುಂಬು,” ಎಂದಳು. “ಎರಡು ನಿಮಿಷ ಇದೆ. ನಗ್ತಾ ತುಂಬು.”

ಅವನು ಕುಕ್ಕಿದ. ಒಂದು ಅಕ್ಷರಕ್ಕೆ ಮೂರು ಅಕ್ಷರ ಬಿದ್ದವು. ಅಳಿಸಿ ಮತ್ತೆ ಕುಕ್ಕಿದ. ಎಂಜಲು ಸುರಿದು ಕೀಲಿಗಳ ಮೇಲೆ ಜಾರಿತು. ಎರಡನೇ ಖಾನೆಯಲ್ಲೇ ಎರಡು ನಿಮಿಷವಾಯಿತು, ಎಲ್ಲ ಅಳಿಸಿಹೋಯಿತು. ಮತ್ತೆ ಎಂದಳು. ಮತ್ತೆ ಅಳಿಸಿಹೋಯಿತು. ಮತ್ತೆ ಎಂದಳು. ಹೊರಗೆ ಯಾರೋ ಬಾಗಿಲು ತಟ್ಟತೊಡಗಿದ್ದರು. ಆರನೇ ಸಲಕ್ಕೆ ಅವನ ಕತ್ತು ಸೆಟೆದುಕೊಂಡಿತು. ಕೋಲು ಬಿಟ್ಟು ಬಾಯಿ ತೆರೆದ. ಅಳು ಬಂದಿತ್ತು.

“ಆ ಬಟನ್ ಎಲ್ಲಿದೆ ಹೇಳು. ಎಷ್ಟನೇದು? ಮರೆತುಹೋಯ್ತು, ಕಾಣಿಸ್ತಾ ಇಲ್ಲ. ಹೇಳಕ್ಕ.”

ಜೀವಮಾನದಲ್ಲಿ ಅವನು ಅವಳನ್ನು ನಿಜವಾಗಿ ಅಕ್ಕ ಎಂದದ್ದು ಆಗಲೇ ಇರಬೇಕು.

“ಹೇಳಲ್ಲ,” ಎಂದಳು. “ಹೊರಗಿರೋರಿಗೂ ಯಾರೂ ಹೇಳಲ್ಲ.”

ಚಿಲಕ ಕಿತ್ತು ಬಾಗಿಲು ಒಳಗೆ ಬಿತ್ತು, ಕಡ್ಡಿ ಮುಗ್ಗರಿಸಿದ. ಕಾವಲುಗಾರರು ಇಬ್ಬರು, ಹಿಂದೆ ಎತ್ತರದ ಹಿಮ್ಮಡಿಯ ಚಪ್ಪಲಿ. ಮೂರಕ್ಕೆ ಬರಬೇಕಿದ್ದ ಅಧಿಕಾರಿ ಕಾಲು ಗಂಟೆ ಮೊದಲೇ ಬಂದಿದ್ದಳು. ಏನಾಗುತ್ತಿದೆ ಇಲ್ಲಿ, ಅವರನ್ನು ಬಿಚ್ಚಿ ಎಂದಳು ಅಧಿಕಾರಿ.

ಅಕ್ಕ ಒಂದು ಮಾತು ಕೇಳಬೇಕು ಎಂದಳು. ಮೂಗಿನ ರಕ್ತ ಬಾಯಿಗೆ ಇಳಿಯುತ್ತಿತ್ತು, ಆದರೂ ನಿಧಾನವಾಗಿ ಹೇಳಿದಳು. ಈ ಅರ್ಜಿ ನಿಮ್ಮ ಮಂಡಳಿಯದು, ಕೈ ಬಳಸದೆ ನೀವೇ ಒಂದು ಸಲ ತುಂಬಿ ನೋಡಿ, ತುಂಬಲಾದರೆ ನಾವಿಬ್ಬರೂ ಈಗಲೇ ಸಹಿ ಹಾಕುತ್ತೇವೆ ಎಂದಳು.

“ನಾನ್ಯಾಕೆ ಹಾಗೆ ತುಂಬಲಿ?” ಎಂದಳು ಅಧಿಕಾರಿ. “ನನಗೆ ಎರಡು ಕೈ ಇದೆ.”

“ನನಗೂ ಇತ್ತು,” ಎಂದ ಕಡ್ಡಿ.

ಹಲ್ಲು ಮುರಿದ ಬಾಯಿಂದ ಮಾತು ತೊದಲಿತು, ಆದರೂ ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಅಧಿಕಾರಿ ಹಿಂದಕ್ಕೆ ಸರಿದ ಸದ್ದು ಅಕ್ಕನಿಗೆ ಕೇಳಿಸಿತು.

ಆಮೇಲೆ ನಡೆದದ್ದು ಹೇಳಲು ಕಷ್ಟವಿಲ್ಲ, ಎಲ್ಲ ಕಡೆ ನಡೆಯುವುದೇ ಅದು. ಕಾವಲುಗಾರರು ಮ್ಯಾನೇಜರ್‌ನ ಕಟ್ಟು ಬಿಚ್ಚಿದರು. ಬಿಚ್ಚಿದ ಕೈಯಿಂದ ಅವನು ಮೊದಲು ಮಾಡಿದ ಕೆಲಸ ಕಡ್ಡಿಯ ಹೊಟ್ಟೆಗೆ ಗುದ್ದಿದ್ದು. ಕಡ್ಡಿ ಬಿದ್ದ. ಬಿದ್ದವನಿಗೆ ಒದ್ದ. ಅಕ್ಕ ಅಡ್ಡ ಬಿದ್ದಳು, ಬೂಟು ಅವಳ ಪಕ್ಕೆಗೆ ತಗುಲಿತು. ಗುಬ್ಬಿ ಬಾಯಿ ಬಿಟ್ಟದ್ದು ಆಗ. ಮೊದಲು ಕೈ ಮಾಡಿದ್ದು ಸಾಹೇಬರು, ಕ್ಯಾಮೆರಾ ನಿಂತಿಲ್ಲ, ಎಲ್ಲವೂ ಅದರಲ್ಲಿದೆ, ಬಟನ್ ಮೂಕ ಮಾಡಿದ್ದು ನಾನು, ಮಾಡಿಸಿದ್ದು ಅವರು ಎಂದು ಒಂದೇ ಉಸಿರಿನಲ್ಲಿ ಹೇಳಿ ಕೂತುಬಿಟ್ಟ. ಅವನ ಕೆಲಸವೂ ಅಲ್ಲಿಗೆ ಮುಗಿಯಿತು.

ಅಧಿಕಾರಿ ಪ್ರಮಾಣಪತ್ರ ತಿರುವಿ ಹಾಕಿದಳು. ಪರೀಕ್ಷಿಸಿದವರ ಸಹಿಯ ಎರಡೂ ಜಾಗ ಖಾಲಿ ಇದ್ದವು. ಸಹಿಯಿಲ್ಲದೆ ಇದನ್ನು ತೆಗೆದುಕೊಳ್ಳಲಾಗದು, ನಾಳೆ ತಕರಾರು ಬಂದರೆ ತನ್ನ ತಲೆಗೆ ಬರುತ್ತದೆ ಎಂದಳು. ಕರುಣೆಯಿಂದ ಹೇಳಿದ ಮಾತಲ್ಲ ಅದು. ಚಪ್ಪಲಿಯ ಸದ್ದು ಬಂದಷ್ಟೇ ಬೇಗ ಹೋಯಿತು.

ಇಬ್ಬರನ್ನೂ ಮೆಟ್ಟಿಲಲ್ಲಿ ಎಳೆದುಕೊಂಡು ಹೋದರು. ಲಿಫ್ಟಿನಲ್ಲಿ ರಕ್ತ ಬೀಳಬಾರದಂತೆ. ಪೊಲೀಸರಿಗೆ ಹೇಳಿ ಕಳಿಸಿದ್ದರು. ಕಡ್ಡಿ ಮುಂದೆ, ಅಕ್ಕ ಹಿಂದೆ. ಅವನ ಅಂಗಿಯ ಖಾಲಿ ತೋಳನ್ನು ಅವಳು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಮೆಟ್ಟಿಲು ಬಂದಾಗ ಅವನು ‘ಇಳಿ’ ಎನ್ನುತ್ತಿದ್ದ.

ಎರಡನೇ ಮಹಡಿಯ ತಿರುವಿನಲ್ಲಿ ಮ್ಯಾನೇಜರ್ ಮೇಲಿಂದ ಬಗ್ಗಿ ಕೂಗಿದ.

“ನಿಮ್ಮಿಬ್ಬರಿಗೆ ಜೈಲೇ ಗತಿ. ಸಹಿಗೇನು ಬರ? ನಾಳೆನೇ ಬೇರೆ ಕುರುಡರನ್ನ ತಂದು ಕೂರಿಸ್ತೀನಿ.”

ಅಕ್ಕ ನಿಂತಳು. ಬಾಯಲ್ಲಿದ್ದ ರಕ್ತ ಉಗುಳಿ, ದನಿ ಬಂದ ಕಡೆ ಮುಖ ಎತ್ತಿದಳು.

“ತನ್ನಿ,” ಎಂದಳು. “ಆ ಹತ್ತನೇ ಮೌನ ಕೇಳೋಕೆ ಅವರಿಗೂ ಕಿವಿ ಇರುತ್ತೆ.”